ಊರಿಂದ ಬಂದ ಅಪ್ಪ ಅಮ್ಮ ಮತ್ತು ಅವರ ಶುಗರ್ ಮಾತ್ರೆಗಳು

ಯುಗಾದಿ ಕಾರ್ಯಕ್ರಮ ಮುಗಿದು ಮಕ್ಕಳ ಶಾಲೆಗೆ ರಜೆ ಹತ್ತಿರವಾಗುತ್ತಿದ್ದಂತೆ ಅಮೆರಿಕದ ನಮ್ಮ ಮನೆಗಳಲ್ಲಿ ಒಂದೇ ಮಾತು. ಅಪ್ಪ ಅಮ್ಮ ಯಾವಾಗ ಬರ್ತಾರೆ, ಅತ್ತೆ ಮಾವನಿಗೆ ಯಾವ ಫ್ಲೈಟು, ಆರು ತಿಂಗಳೂ ಇರ್ತಾರಾ? ಬರುವವರ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಹಪ್ಪಳ, ಚಕ್ಕುಲಿ ಇರುವಷ್ಟೇ ಖಂಡಿತವಾಗಿ ಇನ್ನೊಂದೂ ಇರುತ್ತದೆ: ರಬ್ಬರ್ ಬ್ಯಾಂಡ್ ಹಾಕಿದ ಮಾತ್ರೆ ಸ್ಟ್ರಿಪ್‌ಗಳ ಕಟ್ಟು. ಬಿ.ಪಿ.ಗೆ ಒಂದು, ಶುಗರ್‌ಗೆ ಎರಡೋ ಮೂರೋ. ಈ ಬಾರಿ ಆ ಶುಗರ್ ಮಾತ್ರೆಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯೋಣ ಎನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಾವು ವೈದ್ಯರಲ್ಲ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಜನ. ಇಲ್ಲಿರುವುದು ಟೈಪ್ 2 ಮಧುಮೇಹದ ಮಾತ್ರೆಗಳ ಬಗ್ಗೆ ಎಲ್ಲರಿಗೂ ಗೊತ್ತಿರಬೇಕಾದ ಸಂಗತಿಗಳು ಮಾತ್ರ. ಡೋಸ್ ಹೆಚ್ಚು ಕಮ್ಮಿ ಮಾಡುವುದು, ಮಾತ್ರೆ ನಿಲ್ಲಿಸುವುದು ಇವೆಲ್ಲ ಡಾಕ್ಟರನ್ನು ಕೇಳಿಯೇ ಆಗಬೇಕು.

ಹೆಸರಿನ ಗೊಂದಲ

ನಮ್ಮ ಊರಿನಲ್ಲಿ ಮಾತ್ರೆಯನ್ನು ಯಾರೂ ಔಷಧಿಯ ಹೆಸರಿನಿಂದ ಕರೆಯುವುದಿಲ್ಲ, ಬ್ರಾಂಡ್ ಹೆಸರಿನಿಂದ ಕರೆಯುತ್ತಾರೆ. ಇನ್ನೂ ಕೆಲವರಿಗೆ ಅದು ಬರೀ "ಬೆಳಗಿನ ಬಿಳಿ ಮಾತ್ರೆ". ಅಮೆರಿಕದ ಫಾರ್ಮಸಿಯಲ್ಲಿ ಭಾರತದ ಬ್ರಾಂಡ್ ಹೆಸರು ಹೇಳಿದರೆ ಯಾರಿಗೂ ಅರ್ಥವಾಗದು. ಇಲ್ಲಿ ಬಾಟಲಿಯ ಮೇಲೆ ಜೆನೆರಿಕ್ ಹೆಸರೇ ದೊಡ್ಡದಾಗಿರುತ್ತದೆ. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಒಂದೇ ಔಷಧಿ ಎರಡು ಹೆಸರಿನಲ್ಲಿ ಮನೆಗೆ ಬಂದು, ಎರಡೂ ಹೊಟ್ಟೆಗೆ ಹೋದಾಗ ಅಪಾಯ.

ಒಂದು ಉದಾಹರಣೆ ನೋಡಿ. ಗ್ಲೈಕೋಮೆಟ್ ಎಂದರೆ ಮೆಟ್‌ಫಾರ್ಮಿನ್. ಗ್ಲೈಕೋಮೆಟ್ ಜಿಪಿ ಎಂದರೆ ಅದರ ಜೊತೆಗೆ ಗ್ಲಿಮೆಪಿರೈಡ್ ಎಂಬ ಎರಡನೆಯ ಔಷಧಿಯೂ ಸೇರಿದ್ದು. ಜಿಪಿ 1 ಎಂದರೆ ಗ್ಲಿಮೆಪಿರೈಡ್ 1 ಮಿ.ಗ್ರಾಂ, ಜಿಪಿ 2 ಎಂದರೆ 2 ಮಿ.ಗ್ರಾಂ. ಕೊನೆಯ ಆ ಒಂದು ಅಂಕೆ ನೋಡಲು ಚಿಕ್ಕದು, ಪರಿಣಾಮ ಎರಡರಷ್ಟು. ಈ ಎರಡನ್ನು ಒಂದೇ ಮಾತ್ರೆಯಲ್ಲಿ ಸೇರಿಸಿದ್ದು ಅಮೆರಿಕದಲ್ಲಿ ಸಿಗುವುದಿಲ್ಲ. ಹಾಗಾಗಿ ಇಲ್ಲಿನ ಡಾಕ್ಟರು ಮೆಟ್‌ಫಾರ್ಮಿನ್ ಬೇರೆ, ಗ್ಲಿಮೆಪಿರೈಡ್ ಬೇರೆ ಬರೆದುಕೊಡುತ್ತಾರೆ. ಅಮ್ಮ ಹೊಸ ಬಾಟಲಿಗಳ ಎರಡು ಮಾತ್ರೆ ತೆಗೆದುಕೊಂಡು, ಊರಿನ ಡಾಕ್ಟರು ಕೊಟ್ಟದ್ದನ್ನು ಬಿಡಬಾರದೆಂದು ಹಳೆಯ ಸ್ಟ್ರಿಪ್‌ನದನ್ನೂ ನುಂಗಿದರೆ ಎಲ್ಲವೂ ಡಬಲ್. ಒಂದೇ ವೇರಿಯಬಲ್‌ಗೆ ಎರಡು ಹೆಸರಿಟ್ಟರೆ ಪ್ರೋಗ್ರಾಂ ಏನಾಗುತ್ತದೆಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಹೊಸ ಬಾಟಲಿ ಮನೆಗೆ ಬಂದ ದಿನವೇ ಹಳೆಯ ಸ್ಟ್ರಿಪ್ ಕಣ್ಣಿಗೆ ಬೀಳದ ಕಡೆ ಹೋಗಬೇಕು.

ಇನ್ನೊಂದು ಜೋಡಿ: ಊರಿನಲ್ಲಿ ಗ್ಲಿಬೆನ್‌ಕ್ಲಮೈಡ್ ಎನ್ನುವುದಕ್ಕೇ ಇಲ್ಲಿ ಗ್ಲೈಬೂರೈಡ್ ಎನ್ನುತ್ತಾರೆ. ಹಳೆಯ ಔಷಧಿ, ಅಗ್ಗ, ಆದರೆ ಸಕ್ಕರೆಯನ್ನು ತೀರಾ ಕೆಳಗಿಳಿಸಿ ಬಹಳ ಹೊತ್ತು ಅಲ್ಲೇ ಇಡುವ ಸ್ವಭಾವ ಅದಕ್ಕಿದೆ. 65 ದಾಟಿದವರಿಗೆ ಇದು ಬೇಡ ಎಂದು ಅಮೆರಿಕದ ಜೆರಿಯಾಟ್ರಿಕ್ಸ್ ಸೊಸೈಟಿಯ ಬಿಯರ್ಸ್ ಪಟ್ಟಿ ಹೇಳುತ್ತಲೇ ಬಂದಿದೆ. ನಿಮ್ಮ ತಂದೆಯವರು ಇದನ್ನು ಇಪ್ಪತ್ತು ವರ್ಷದಿಂದ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ.

ಊರಿನಲ್ಲಿ ದಿನನಿತ್ಯ ಬರೆದುಕೊಡುವ ಗ್ಲಿಕ್ಲಜೈಡ್, ವೋಗ್ಲಿಬೋಸ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಈ ನಾಲ್ಕೂ ಅಮೆರಿಕದ ಫಾರ್ಮಸಿಗಳಲ್ಲಿ ಇಲ್ಲ. ಮುಗಿದುಹೋದರೆ ಇಲ್ಲಿನ ಡಾಕ್ಟರು ಅದೇ ಗುಂಪಿನ ಬೇರೊಂದನ್ನು ಕೊಡಬೇಕಾಗುತ್ತದೆ, ಅದು ಹೊಂದಿಕೊಳ್ಳಲು ಕೆಲವು ವಾರ ಹಿಡಿಯಬಹುದು. ಆದ್ದರಿಂದ ಟಿಕೆಟ್ ಬುಕ್ ಮಾಡುವಾಗಲೇ ಮಾತ್ರೆಗಳ ಲೆಕ್ಕವೂ ಆಗಲಿ. ಸ್ವಂತ ಬಳಕೆಗೆ ತರುವ ಔಷಧಿ ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚಿರಬಾರದು ಎನ್ನುವುದು ಇಲ್ಲಿನ ಎಫ್‌ಡಿಎ ಸೂಚನೆ. ಅದಕ್ಕಿಂತ ಹೆಚ್ಚು ದಿನ ಇರುವವರು ಉಳಿದ ತಿಂಗಳುಗಳಿಗೆ ಏನು ಮಾಡುವುದೆಂದು ಬರುವ ಮೊದಲೇ ಯೋಚಿಸಬೇಕು. ಡಾಕ್ಟರ ಚೀಟಿಯಲ್ಲಿ ಜೆನೆರಿಕ್ ಹೆಸರು, ಎಷ್ಟು ಮಿ.ಗ್ರಾಂ, ದಿನಕ್ಕೆ ಎಷ್ಟು ಸಲ ಎನ್ನುವುದು ಇಂಗ್ಲಿಷ್‌ನಲ್ಲಿ, ಓದುವಂತಹ ಅಕ್ಷರದಲ್ಲಿ ಇರಲಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಿ ತರುವುದು ಬೇಡ. ಹೆಸರು, ತಾರೀಖು ಎಲ್ಲ ಸ್ಟ್ರಿಪ್ ಮೇಲೆಯೇ ಇರುತ್ತದೆ. ಮತ್ತು ಕಟ್ಟು ಕೈಚೀಲದಲ್ಲಿರಲಿ. ಚೆಕ್ ಇನ್ ಮಾಡಿದ ಸೂಟ್‌ಕೇಸ್ ಫ್ರಾಂಕ್‌ಫರ್ಟ್‌ನಲ್ಲಿ ಉಳಿದರೆ ಹಪ್ಪಳವಿಲ್ಲದೆ ಮೂರು ದಿನ ಕಳೆಯಬಹುದು, ಮಾತ್ರೆಯಿಲ್ಲದೆ ಕಷ್ಟ.

ಮೆಟ್‌ಫಾರ್ಮಿನ್

ಜಗತ್ತಿನಲ್ಲಿ ಟೈಪ್ 2 ಮಧುಮೇಹಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ಮಾತ್ರೆ ಇದು. ಯೂರೋಪಿನಲ್ಲಿ ಹಿಂದಿನಿಂದ ಮನೆಮದ್ದಾಗಿದ್ದ ಫ್ರೆಂಚ್ ಲೈಲಾಕ್ ಎಂಬ ಗಿಡದಲ್ಲಿರುವ ರಾಸಾಯನಿಕದ ಸಂಬಂಧಿ. 1922ರಲ್ಲೇ ಡಬ್ಲಿನ್‌ನಲ್ಲಿ ತಯಾರಾಗಿದ್ದರೂ ಪ್ಯಾರಿಸ್ಸಿನ ವೈದ್ಯ ಜ್ಯಾನ್ ಸ್ಟೆರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ವರದಿ ಮಾಡಿದ್ದು 1957ರಲ್ಲಿ. ಅಮೆರಿಕಕ್ಕೆ ಬಂದದ್ದು ಇನ್ನೂ ತಡವಾಗಿ, 1994ರ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿತು. ತಡವಾಗಲು ಒಂದು ಕಾರಣವಿತ್ತು. ಅದೇ ಕುಟುಂಬದ ಫೆನ್‌ಫಾರ್ಮಿನ್ ಎಂಬ ಔಷಧಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಸಿ ಜೀವ ತೆಗೆದದ್ದರಿಂದ 1970ರ ದಶಕದ ಕೊನೆಯಲ್ಲಿ ಅದನ್ನು ಇಲ್ಲಿ ಹಿಂತೆಗೆದುಕೊಳ್ಳಲಾಗಿತ್ತು. ಮೆಟ್‌ಫಾರ್ಮಿನ್‌ನಲ್ಲಿ ಆ ತೊಂದರೆ ಬಹಳ ಅಪರೂಪ. ಆದರೆ ಕೆಳಗೆ ಬರುವ ಎಚ್ಚರಿಕೆಗಳಲ್ಲಿ ಮುಕ್ಕಾಲು ಪಾಲಿಗೆ ಮೂಲ ಅದೇ.

ಇದರ ಮುಖ್ಯ ಕೆಲಸ ಯಕೃತ್ತಿನಲ್ಲಿ. ನಾವು ಮಲಗಿದ್ದಾಗಲೂ ಯಕೃತ್ತು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ, ಮೆಟ್‌ಫಾರ್ಮಿನ್ ಅದಕ್ಕೆ ಕಡಿವಾಣ ಹಾಕುತ್ತದೆ. ಇನ್ಸುಲಿನ್ ಹೆಚ್ಚು ಸುರಿಸುವಂತೆ ಮೇದೋಜೀರಕ ಗ್ರಂಥಿಯನ್ನು ಒತ್ತಾಯ ಮಾಡುವುದಿಲ್ಲ. ಹಾಗಾಗಿ ಇದೊಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯಕರವಾಗಿ ಇಳಿಯುವುದು ಅಪರೂಪ.

ಹೊಟ್ಟೆ ಮಾತ್ರ ಮೊದಮೊದಲು ಗಲಾಟೆ ಮಾಡುತ್ತದೆ. ವಾಕರಿಕೆ, ಭೇದಿ, ಹೊಟ್ಟೆಯುಬ್ಬರ, ಬಾಯಲ್ಲಿ ಲೋಹದ ರುಚಿ. ಅದಕ್ಕೇ 500 ಮಿ.ಗ್ರಾಂನಿಂದ ಶುರು ಮಾಡಿ ವಾರಕ್ಕೊಂದು ಮೆಟ್ಟಿಲು ಏರಿಸುತ್ತಾರೆ. ಊಟದ ಜೊತೆ, ಅಂದರೆ ತಟ್ಟೆಯ ಮುಂದೆ ಕೂತಾಗ ತೆಗೆದುಕೊಂಡರೆ ಹೊಟ್ಟೆ ಸಹಿಸುತ್ತದೆ. ಬರಿಹೊಟ್ಟೆಯಲ್ಲಿ ಕಾಫಿಯ ಜೊತೆ ನುಂಗುವ ಅಭ್ಯಾಸ ನಮ್ಮವರಲ್ಲಿ ಬಹಳ, ಅದು ಬೇಡ. ಅಷ್ಟಾದರೂ ಸರಿಹೋಗದಿದ್ದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸುತ್ತಾರೆ. ಊರಿನ ಸ್ಟ್ರಿಪ್ ಮೇಲೆ ಎಸ್‌ಆರ್, ಇಲ್ಲಿನ ಬಾಟಲಿಯ ಮೇಲೆ ಇಆರ್ ಅಥವಾ ಎಕ್ಸ್‌ಆರ್ ಎಂದಿರುವುದು ಅದೇ. ದಿನಕ್ಕೊಮ್ಮೆಯಾದರೆ ಸಾಮಾನ್ಯವಾಗಿ ರಾತ್ರಿ ಊಟದ ಜೊತೆ. ಗಾತ್ರ ದೊಡ್ಡದೆಂದು ಕೆಲವರು ಇದನ್ನು ಕುಟ್ಟಿ ಪುಡಿ ಮಾಡಿ ಬಾಳೆಹಣ್ಣಿನಲ್ಲಿಟ್ಟು ನುಂಗುತ್ತಾರೆ. ಹಾಗೆ ಮಾಡಿದರೆ ಇಡೀ ದಿನಕ್ಕೆಂದು ಇಟ್ಟಿದ್ದು ಒಂದೇ ಸಲ ಹೊರಬರುತ್ತದೆ. ಇಡಿಯಾಗಿಯೇ ನುಂಗಬೇಕು. ಕೆಲವೊಮ್ಮೆ ಮಲದಲ್ಲಿ ಮಾತ್ರೆಯ ಆಕಾರದ ಮೆತ್ತನೆಯ ಸಿಪ್ಪೆ ಕಾಣಿಸಿ "ಮಾತ್ರೆ ಕರಗಲೇ ಇಲ್ಲ" ಎಂದು ಹಿರಿಯರು ಗಾಬರಿಯಾಗುತ್ತಾರೆ. ಔಷಧಿ ಒಳಗೆ ಸೇರಿಕೊಂಡಿರುತ್ತದೆ, ಹೊರಬಂದದ್ದು ಖಾಲಿ ಚಿಪ್ಪು ಅಷ್ಟೇ.

ಇನ್ನು ಮೂತ್ರಪಿಂಡದ ವಿಷಯ. ಮೆಟ್‌ಫಾರ್ಮಿನ್ ದೇಹದಲ್ಲಿ ಒಡೆಯುವುದಿಲ್ಲ, ಹೋದ ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆ. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಉಳಿಯುತ್ತಾ ಹೋಗುತ್ತದೆ. ಹಿಂದೆ ಕ್ರಿಯಾಟಿನಿನ್ ಎಷ್ಟಿದೆ ಎಂದಷ್ಟೇ ನೋಡುತ್ತಿದ್ದರು. 2016ರಲ್ಲಿ ಎಫ್‌ಡಿಎ ಆ ಲೆಕ್ಕ ಬದಲಿಸಿ, ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್ ನೋಡಬೇಕೆಂದಿತು. ಅದು 30ಕ್ಕಿಂತ ಕಡಿಮೆಯಾದರೆ ಮೆಟ್‌ಫಾರ್ಮಿನ್ ಕೂಡದು. 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಶುರು ಮಾಡಬಾರದು, ಮೊದಲೇ ತೆಗೆದುಕೊಳ್ಳುತ್ತಿದ್ದವರ ಸಂಖ್ಯೆ 45ರ ಕೆಳಗಿಳಿದರೆ ಮುಂದುವರಿಸುವುದೋ ಬೇಡವೋ ಎಂದು ಡಾಕ್ಟರು ತೂಗಿ ನೋಡಬೇಕು. ಕ್ರಿಯಾಟಿನಿನ್ ನಾರ್ಮಲ್ ಎಂದು ಬರೆದಿರುವ 75 ವರ್ಷದ ತೆಳ್ಳಗಿನ ಅಜ್ಜಿಯ ಇಜಿಎಫ್‌ಆರ್ ಆತಂಕ ಹುಟ್ಟಿಸುವಷ್ಟು ಕೆಳಗಿರಬಹುದು. ಊರಿನಿಂದ ಹೊರಡುವ ಮೊದಲು ಮಾಡಿಸುವ ಪರೀಕ್ಷೆಗಳಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ ಎನ್ನುವುದು ನಮ್ಮ ಅಭಿಪ್ರಾಯ.

ಇದೇ ಕಾರಣಕ್ಕೆ ವಾಂತಿ ಭೇದಿ ಶುರುವಾಗಿ ನೀರೂ ನಿಲ್ಲದಂತಾದಾಗ "ಮಾತ್ರೆ ಮಾತ್ರ ತಪ್ಪಿಸಬಾರದು" ಎಂದು ಹಟ ಹಿಡಿಯುವುದು ತಪ್ಪು. ದೇಹದಲ್ಲಿ ನೀರು ಕಡಿಮೆಯಾದರೆ ಕಿಡ್ನಿ ಸೋಸುವುದೂ ಕಡಿಮೆಯಾಗುತ್ತದೆ. ಅಂಥ ದಿನ ಡಾಕ್ಟರಿಗೆ ಫೋನ್ ಮಾಡಿ ಮೆಟ್‌ಫಾರ್ಮಿನ್ ನಿಲ್ಲಿಸಬೇಕೇ ಎಂದು ಕೇಳಿ, ಸಾಮಾನ್ಯವಾಗಿ ನಿಲ್ಲಿಸಲು ಹೇಳುತ್ತಾರೆ. ಆಸ್ಪತ್ರೆಯಲ್ಲಿ ಡೈ ಹಾಕಿ ಸಿ.ಟಿ. ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ ಮಾಡುವ ಮೊದಲು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವುದನ್ನು ಅವರು ಕೇಳದಿದ್ದರೂ ಹೇಳಿ. ಕಿಡ್ನಿ ಸ್ವಲ್ಪ ಸೋತಿರುವವರಿಗೆ ಅದನ್ನು ನಿಲ್ಲಿಸಿ, 48 ಗಂಟೆಗಳ ನಂತರ ರಕ್ತ ಪರೀಕ್ಷಿಸಿ ಮತ್ತೆ ಶುರು ಮಾಡುವುದು ಕ್ರಮ. ಅತಿಯಾದ ಮದ್ಯಪಾನವೂ ಇದರ ಜೊತೆ ಕೂಡದು. ವಿಪರೀತ ಸುಸ್ತು, ಮೈಕೈ ನೋವು, ಏದುಸಿರು, ಹೊಟ್ಟೆನೋವು, ಮಂಪರು ಇವು ಒಟ್ಟಿಗೆ ಬಂದರೆ ಕಾಯದೆ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಸಸ್ಯಾಹಾರಿಗಳಿಗೆ ಒಂದು ವಿಶೇಷ ಮಾತು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಬಿ12 ವಿಟಮಿನ್ ಕಡಿಮೆಯಾಗಬಹುದು. ನಮ್ಮ ಅನ್ನ ಸಾರು ಪಲ್ಯದ ಊಟದಲ್ಲಿ ಹಾಲು ಮೊಸರು ಬಿಟ್ಟರೆ ಅದು ಮೊದಲೇ ಇಲ್ಲ. ಕಾಲು ಜುಮ್ಮೆನ್ನುವುದು, ಪಾದ ಉರಿಯುವುದು, ಮರೆವು ಇವನ್ನೆಲ್ಲ "ಶುಗರ್ ಇದೆಯಲ್ಲ, ಇರುತ್ತೆ" ಎಂದು ತಳ್ಳಿಹಾಕುವ ಮೊದಲು ಬಿ12 ಪರೀಕ್ಷೆ ಮಾಡಿಸಿ. ಕೊರತೆಯಿದ್ದರೆ ಚಿಕಿತ್ಸೆ ಸುಲಭ, ಬಿಟ್ಟರೆ ನರಕ್ಕಾದ ಹಾನಿ ಪೂರ್ತಿ ವಾಸಿಯಾಗದಿರಬಹುದು.

2020ರಲ್ಲಿ ಕೆಲವು ಕಂಪನಿಗಳ ನಿಧಾನ ಬಿಡುಗಡೆಯ ಮೆಟ್‌ಫಾರ್ಮಿನ್‌ನಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಮಿತಿ ಮೀರಿ ಕಂಡುಬಂದು ಅಮೆರಿಕದಲ್ಲಿ ಆ ಮಾತ್ರೆಗಳನ್ನು ವಾಪಸ್ ತರಿಸಿಕೊಂಡರು. ಆಗ ಎಫ್‌ಡಿಎ ಹೇಳಿದ್ದು, ಬದಲಿ ಸಿಗುವವರೆಗೆ ನೀವಾಗಿಯೇ ನಿಲ್ಲಿಸಬೇಡಿ ಎಂದು. ಅಂಥ ಸುದ್ದಿ ಫಾರ್ವರ್ಡ್ ಆಗಿ ಬಂದಾಗ ಬಾಟಲಿಯ ಮೇಲಿನ ಕಂಪನಿ ಹೆಸರು ನೋಡಿ ಫಾರ್ಮಸಿಗೆ ಒಂದು ಫೋನ್ ಮಾಡಿದರೆ ಸಾಕು.

ಗ್ಲಿಮೆಪಿರೈಡ್ ಮತ್ತು ಸಕ್ಕರೆ ಇಳಿಯುವುದು

ಗ್ಲಿಮೆಪಿರೈಡ್, ಗ್ಲಿಪಿಜೈಡ್, ಗ್ಲಿಕ್ಲಜೈಡ್, ಗ್ಲೈಬೂರೈಡ್ ಎಲ್ಲ ಒಂದೇ ಜಾತಿ. ಇವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಎಂದು ಇವು ಕೇಳುವುದಿಲ್ಲ. ಆದ್ದರಿಂದ ನಿಯಮ ಒಂದೇ: ಮಾತ್ರೆ ನುಂಗಿದ ಮೇಲೆ ಊಟ ತಪ್ಪಬಾರದು, ಊಟ ಇಲ್ಲವೆಂದರೆ ಮಾತ್ರೆಯ ಬಗ್ಗೆ ಮೊದಲೇ ಕೇಳಿಕೊಂಡಿರಬೇಕು. ಗ್ಲಿಮೆಪಿರೈಡ್ ಬೆಳಗಿನ ತಿಂಡಿಯ ಜೊತೆಗಿನದು. ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಇರುವ ದಿನ ರಕ್ತ ಕೊಟ್ಟು ಬಂದು ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಕು. ಒಂದು ಹೊತ್ತಿನದು ಮರೆತರೆ ಮುಂದಿನ ಹೊತ್ತು ಎರಡು ನುಂಗಿ ಸರಿದೂಗಿಸುವುದು ಯಾವ ಶುಗರ್ ಮಾತ್ರೆಗೂ ಸಲ್ಲದು.

ಊರಿನಲ್ಲಿ ಎಂಟು ಗಂಟೆಗೆ ತಿಂಡಿ, ಒಂದಕ್ಕೆ ಊಟ ಎಂದು ಗಡಿಯಾರದಂತೆ ಇದ್ದವರು ಇಲ್ಲಿ ಬಂದಾಗ ಎಲ್ಲವೂ ಏರುಪೇರು. ಬೇಸಿಗೆಯಲ್ಲಿ ಬೆಂಗಳೂರಿನ ಗಡಿಯಾರ ನ್ಯೂಯಾರ್ಕಿಗಿಂತ ಒಂಬತ್ತೂವರೆ, ಕ್ಯಾಲಿಫೋರ್ನಿಯಾಗಿಂತ ಹನ್ನೆರಡೂವರೆ ಗಂಟೆ ಮುಂದೆ. ಬಂದ ವಾರ ಮಧ್ಯಾಹ್ನವಿಡೀ ನಿದ್ದೆ, ಊಟ ಇಲ್ಲ. "ಇವತ್ತಿನ ಮಾತ್ರೆ" ಯಾವುದು ಎನ್ನುವುದೇ ಗೊಂದಲ. ಕೊನೆಯ ಗ್ಲಿಮೆಪಿರೈಡ್ ತೆಗೆದುಕೊಂಡು ಎಷ್ಟು ಗಂಟೆಯಾಯಿತು ಎಂದು ಬರೆದಿಟ್ಟುಕೊಳ್ಳಿ, ವಿಮಾನ ಹತ್ತುವ ದಿನ ಹೇಗೆ ತೆಗೆದುಕೊಳ್ಳಬೇಕೆಂದು ಊರಿನ ಡಾಕ್ಟರನ್ನೇ ಕೇಳಿಬನ್ನಿ. ಆಮೇಲೆ ನಯಾಗರಾ ಪ್ರವಾಸ, ಕಾರಿನಲ್ಲಿ ಆರು ಗಂಟೆ, ಸಸ್ಯಾಹಾರ ಸಿಗದೆ ಮಧ್ಯಾಹ್ನ ಮೂರಾದರೂ ಬರೀ ಚಿಪ್ಸ್. ಮನೆಯಲ್ಲೇ ಇದ್ದರೂ ಎಲ್ಲರಿಗೂ ಬಡಿಸಿ ಕೊನೆಗೆ ತಾವು ಕೂರುವ ಅಮ್ಮಂದಿರ ಪದ್ಧತಿ ಬೇರೆ. ಮಾತ್ರೆ ತೆಗೆದುಕೊಂಡವರಿಗೆ ಮೊದಲ ಪಂಕ್ತಿ ಎಂದು ಮನೆಯವರೇ ಹೇಳಬೇಕು, ಅವರಾಗಿ ಕೂರುವುದಿಲ್ಲ.

ರಕ್ತದಲ್ಲಿ ಸಕ್ಕರೆ 70 ಮಿ.ಗ್ರಾಂಗಿಂತ ಕೆಳಗಿಳಿದರೆ ಅದು ಲೋ ಶುಗರ್. (ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾದ ಮೀಟರುಗಳು ಬೇರೆ ಮಾನದಲ್ಲಿ ತೋರಿಸುತ್ತವೆ. ಅಲ್ಲಿಯ ಅಂಕೆಯನ್ನು 18ರಿಂದ ಗುಣಿಸಿದರೆ ನಮ್ಮದು ಬರುತ್ತದೆ, 70 ಎಂದರೆ ಅಲ್ಲಿ 3.9.) ತಣ್ಣನೆಯ ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾರದ ಹಸಿವು, ಸಿಡುಕು. ವಯಸ್ಸಾದವರಲ್ಲಿ ಇವು ಕಾಣದೆ ಬರೀ ತೊದಲು ಮಾತು, ದಾರಿ ತಪ್ಪಿದಂತಹ ನೋಟ ಇರಬಹುದು. ಲಕ್ವ ಹೊಡೆಯಿತೇ ಎನ್ನಿಸುತ್ತದೆ. ಬಿ.ಪಿ.ಗೆ ಅಥವಾ ಹೃದಯಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣದೇ ಹೋಗಬಹುದು, ಬೆವರು ಮಾತ್ರ ಸಾಮಾನ್ಯವಾಗಿ ಉಳಿದಿರುತ್ತದೆ.

ಆಗ ಮಾಡಬೇಕಾದ್ದು ಇಷ್ಟು. 15 ಗ್ರಾಂ ಬೇಗ ಸೇರುವ ಸಕ್ಕರೆ ಕೊಡಿ: ಅರ್ಧ ಕಪ್ ಹಣ್ಣಿನ ಜ್ಯೂಸ್, ಅಥವಾ ಒಂದು ದೊಡ್ಡ ಚಮಚ ಸಕ್ಕರೆ ನೀರಿನಲ್ಲಿ ಕದಡಿ, ಅಥವಾ ನಾಲ್ಕು ಗ್ಲೂಕೋಸ್ ಮಾತ್ರೆ. 15 ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡಿ, ಏರಿರದಿದ್ದರೆ ಅಷ್ಟನ್ನೇ ಮತ್ತೊಮ್ಮೆ. ಮೈಸೂರುಪಾಕು, ಚಾಕಲೇಟು ಇದಕ್ಕೆ ಆಗದು, ತುಪ್ಪ ಬೆಣ್ಣೆಯ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತದೆ. ಡಯಟ್ ಕೋಕ್‌ನಲ್ಲಿ ಸಕ್ಕರೆಯೇ ಇಲ್ಲ. ಇನ್ನೊಂದು ವಿಷಯ ಬಹಳ ಮನೆಗಳಲ್ಲಿ ಗೊತ್ತಿಲ್ಲ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ತೆಗೆದುಕೊಳ್ಳುತ್ತಿರುವವರಿಗೆ ಸಕ್ಕರೆ, ಬೆಲ್ಲ ಕೊಟ್ಟರೆ ಬೇಗ ಕೆಲಸ ಮಾಡದು, ಏಕೆಂದರೆ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅವರಿಗೆ ಗ್ಲೂಕೋಸ್ ಪುಡಿ ಅಥವಾ ಗ್ಲೂಕೋಸ್ ಮಾತ್ರೆಯೇ ಬೇಕು. ಇಲ್ಲಿನ ಯಾವ ಫಾರ್ಮಸಿಯಲ್ಲೂ ಚೀಟಿ ಇಲ್ಲದೆ ಸಿಗುತ್ತದೆ, ಒಂದು ಡಬ್ಬಿ ಕಾರಿನಲ್ಲೂ ಇರಲಿ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಿನ ಕೊಳವೆಗೆ ಹೋಗುತ್ತದೆ. 911 ಕರೆಯಿರಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಚೇತರಿಸಿಕೊಂಡ ಮೇಲೂ "ಸರಿ ಹೋಯ್ತು, ಆಸ್ಪತ್ರೆ ಬೇಡ, ಬಿಲ್ಲು ಬರುತ್ತೆ" ಎಂದು ಹಿರಿಯರು ಹೇಳುತ್ತಾರೆ. ಈ ಜಾತಿಯ ಮಾತ್ರೆ ಬಹಳ ಹೊತ್ತು ಕೆಲಸ ಮಾಡುವುದರಿಂದ ಕೆಲವು ಗಂಟೆಗಳಲ್ಲಿ ಸಕ್ಕರೆ ಮತ್ತೆ ಇಳಿಯಬಹುದು. ತಿನ್ನಲು ಕೊಡಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರಿಗೆ ತಿಳಿಸಿ.

ಉಪವಾಸ, ಕಷಾಯ, ಬೇರೆ ಮಾತ್ರೆಗಳು

ಏಕಾದಶಿ, ಶಿವರಾತ್ರಿ, ಸಂಕಷ್ಟಿ, ರಂಜಾನ್ ಯಾವುದೇ ಇರಲಿ, ಉಪವಾಸ ಮಾಡಬೇಡಿ ಎಂದು ನಾವು ಹೇಳಿದರೆ ಯಾರೂ ಕೇಳುವುದಿಲ್ಲ. ಮಾಡುವುದಿದ್ದರೆ ಗ್ಲಿಮೆಪಿರೈಡ್ ಅವತ್ತು ಬಿಡಬೇಕೋ ಕಡಿಮೆ ಮಾಡಬೇಕೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸಂಕಷ್ಟಿಯ ಬಗ್ಗೆ ಒಂದು ವಿಷಯ ಗಮನಿಸಿ: ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಎಂಟೂವರೆಯ ಹೊತ್ತಿಗೆ, ಚಂದ್ರೋದಯ ಇನ್ನೂ ತಡ. ಊರಿನಲ್ಲಿ ನಿಭಾಯಿಸಿದ ಉಪವಾಸ ಇಲ್ಲಿ ಉದ್ದವಾಗಿರುತ್ತದೆ. ಸಕ್ಕರೆ 70ಕ್ಕಿಂತ ಇಳಿದರೆ ಉಪವಾಸ ಅಲ್ಲಿಗೆ ಮುಗಿಯಬೇಕು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದೆಂದು ಹೆಸರಾಗಿವೆ. ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದು ಬೆಲೆ ಇಳಿದದ್ದರಿಂದ ಊರಿನಿಂದ ಬರುವ ಕಟ್ಟಿನಲ್ಲಿ ಇವೂ ಕಾಣುತ್ತಿವೆ. ಗುಪ್ತಾಂಗದಲ್ಲಿ ತುರಿಕೆ, ಸೋಂಕು ಬರಬಹುದು, ಅತ್ತೆಯವರು ನಾಚಿಕೆಯಿಂದ ಹೇಳದೇ ಇರಬಹುದು. ನಿರಾಹಾರ ಇದ್ದಾಗ, ಕಾಯಿಲೆ ಬಿದ್ದಾಗ ಮೀಟರಿನಲ್ಲಿ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಆಮ್ಲ ತುಂಬುವ ಕೀಟೋಅಸಿಡೋಸಿಸ್ ಆಗಬಹುದು. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಇದ್ದರೆ "ಶುಗರ್ 180 ಇದೆ, ಪರವಾಗಿಲ್ಲ" ಎಂದುಕೊಳ್ಳಬೇಡಿ. ಆಪರೇಷನ್ ಇದ್ದರೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಹಾಗಲಕಾಯಿ ರಸ, ಮೆಂತ್ಯದ ನೀರು, ಮಧುನಾಶಿನಿ ಎಲೆ ಇವೂ ಸಕ್ಕರೆಯನ್ನು ಸ್ವಲ್ಪ ಇಳಿಸಬಲ್ಲವು. ಮಾತ್ರೆಯ ಜೊತೆ ಸೇರಿದಾಗ ಲೆಕ್ಕ ತಪ್ಪುತ್ತದೆ, ಡಾಕ್ಟರಿಗೆ ಹೇಳಲೇಬೇಕು. ಮೆಂತ್ಯದ ನೀರಿಗಿಂತ ಹೆಚ್ಚು ಭಯ ಹೆಸರಿಲ್ಲದ "ಆಯುರ್ವೇದ" ಪುಡಿ ಗುಳಿಗೆಗಳದ್ದು. ಗಿಡಮೂಲಿಕೆ ಎಂದು ಮಾರುವ ಇಂಥವುಗಳಲ್ಲಿ ಚೀಟಿಯಲ್ಲಿ ಬರೆಯದ ಅಲೋಪತಿ ಔಷಧಿ ಬೆರೆಸಿರುವುದರ ಬಗ್ಗೆ ಎಫ್‌ಡಿಎ 2013ರಲ್ಲಿ ಎಚ್ಚರಿಸಿತ್ತು. ಮೂತ್ರದ ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಸಲ್ಫಾ ಆಂಟಿಬಯೋಟಿಕ್‌ಗಳು ಗ್ಲಿಮೆಪಿರೈಡ್ ಜೊತೆ ಸಕ್ಕರೆಯನ್ನು ತೀರಾ ಇಳಿಸಬಹುದು. ಮಂಡಿನೋವಿಗೆ, ಉಬ್ಬಸಕ್ಕೆ ಕೊಡುವ ಸ್ಟೆರಾಯ್ಡ್ ಏರಿಸುತ್ತದೆ. ಅರ್ಜೆಂಟ್ ಕೇರ್‌ಗೆ ಹೋಗುವಾಗ ಬರೀ ಪಾಸ್‌ಪೋರ್ಟ್ ಅಲ್ಲ, ಮಾತ್ರೆಗಳ ಚೀಟಿಯೂ ಕೈಯಲ್ಲಿರಲಿ.

ಮೊಮ್ಮಕ್ಕಳು

ಅಜ್ಜಿಯ ಹ್ಯಾಂಡ್‌ಬ್ಯಾಗು, ದಿಂಬಿನ ಪಕ್ಕದ ಸ್ಟೀಲ್ ಡಬ್ಬಿ, ವಾರದ ಏಳು ಖಾನೆಯ ಪ್ಲಾಸ್ಟಿಕ್ ಪೆಟ್ಟಿಗೆ, ಇವು ಯಾವುದಕ್ಕೂ ಮಕ್ಕಳು ತೆರೆಯಲಾಗದ ಮುಚ್ಚಳ ಇಲ್ಲ. ಎರಡು ವರ್ಷದ ಮಗುವಿಗೆ ಅದು ಪೆಪ್ಪರ್‌ಮಿಂಟಿನಂತೆ ಕಾಣುತ್ತದೆ. ಗ್ಲಿಮೆಪಿರೈಡ್ ಜಾತಿಯ ಒಂದೇ ಒಂದು ಮಾತ್ರೆ ಅಷ್ಟು ಚಿಕ್ಕ ಮಗುವಿನ ಸಕ್ಕರೆಯನ್ನು ಜೀವಕ್ಕೆ ಅಪಾಯವಾಗುವಷ್ಟು ಇಳಿಸಬಲ್ಲದು. ಅದೂ ತಕ್ಷಣವೇ ಕಾಣಬೇಕೆಂದಿಲ್ಲ, ಹಲವು ಗಂಟೆಗಳ ನಂತರ, ಮಗು ರಾತ್ರಿ ಮಲಗಿದ ಮೇಲೆ ಇಳಿಯಬಹುದು. ಆದ್ದರಿಂದ ಹಿರಿಯರು ಬಂದ ದಿನವೇ ಅಡಿಗೆಮನೆಯ ಎತ್ತರದ ಒಂದು ಕಪಾಟನ್ನು ಮಾತ್ರೆಗಳಿಗೆಂದೇ ಕೊಟ್ಟುಬಿಡಿ. ಸ್ಟ್ರಿಪ್ ಎಣಿಸಿದಾಗ ಒಂದು ಕಡಿಮೆಯಿದೆ, ಮಗು ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಮಗು ಆಟವಾಡುತ್ತಿದ್ದರೂ ಸರಿ, ಅಮೆರಿಕದ ಪಾಯ್ಸನ್ ಹೆಲ್ಪ್ ಸಂಖ್ಯೆ 1-800-222-1222ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ ಮಾತಾಡುತ್ತಾರೆ. ಮಗು ಮಂಕಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ ನೇರವಾಗಿ 911. ಸ್ಟ್ರಿಪ್ ಜೊತೆಗೇ ತೆಗೆದುಕೊಂಡು ಹೋಗಿ, ಭಾರತದ ಬ್ರಾಂಡ್ ಹೆಸರು ಅವರಿಗೆ ಗೊತ್ತಿರುವುದಿಲ್ಲ, ಅದರ ಮೇಲೆ ಸಣ್ಣ ಅಕ್ಷರದಲ್ಲಿರುವ ಜೆನೆರಿಕ್ ಹೆಸರನ್ನು ಓದಿ ಹೇಳಿ.